ಊರಿನ ಮರಗಳಲ್ಲಿ ಹಕ್ಕಿಗಳ ವಸಂತ

2024ರ ಜನವರಿ ಕೊನೆಯ ವಾರ. ಸಂಕ್ರಾಂತಿ ಕಳೆದು ಚಳಿ ಇಳಿಯತೊಡಗಿತ್ತು. ಮೈಸೂರಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿಯವರಿಗೆ ಶಬ್ದದ ಪಾಠ ಮಾಡುತ್ತಿದ್ದೆ. ಕಿಟಕಿಯ ಆಚೆಯಿಂದ 'ಟುಕ್... ಟುಕ್... ಟುಕ್...' ಎಂಬ ಸದ್ದು ಒಂದೇ ಸಮನೆ ಬರುತ್ತಿತ್ತು.

"ಅದು ಏನು ಶಬ್ದ, ಹೇಳಿ ನೋಡೋಣ" ಎಂದು ಕೇಳಿದೆ.

"ಪಕ್ಕದ ಮನೆಯ ನೀರಿನ ಮೋಟಾರು ಸಾರ್" ಎಂದ ಒಬ್ಬ ಹುಡುಗ. "ಅಲ್ಲ ಸಾರ್, ಗ್ಯಾರೇಜಿನಲ್ಲಿ ತಗಡು ಬಡೀತಿದ್ದಾರೆ" ಎಂದ ಇನ್ನೊಬ್ಬ.

ಎಲ್ಲರೂ ಹೊರಗೆ ಬಂದು ಅಂಗಳದ ಮಳೆಮರದ ಕೆಳಗೆ ನಿಂತೆವು. ಹತ್ತು ನಿಮಿಷವಾದರೂ ಯಾರಿಗೂ ಏನೂ ಕಾಣಲಿಲ್ಲ. ಕೊನೆಗೆ ಹುಡುಗಿಯೊಬ್ಬಳು ಮೇಲಿನ ಒಂದು ಒಣಕೊಂಬೆಯತ್ತ ಕೈ ತೋರಿಸಿ, "ಅಲ್ಲಿ ಒಂದು ಎಲೆ ತಲೆ ಆಡಿಸ್ತಿದೆ ಸಾರ್" ಎಂದಳು. ಒಣಕೊಂಬೆಯಲ್ಲಿ ಹಸಿರು ಎಲೆ ಎಲ್ಲಿಂದ ಬರಬೇಕು? ಅದು ಗುಬ್ಬಚ್ಚಿಗಿಂತ ತುಸು ದೊಡ್ಡದಾದ, ದುಂಡುದುಂಡಾದ ಒಂದು ಹಸಿರು ಹಕ್ಕಿ. ಹಣೆಯ ಮೇಲೆ ಕುಂಕುಮ ಇಟ್ಟಂತೆ ಕೆಂಪು. ಕಣ್ಣಿನ ಸುತ್ತ ಹಳದಿ. ಕತ್ತಿನಲ್ಲಿ ಮತ್ತೊಂದು ಕೆಂಪು ಪಟ್ಟಿ. ಅದೇ ಕಂಚುಗಾರ ಹಕ್ಕಿ. ಕೆಲವರು ಇದನ್ನು ಚಿಟ್ಟುಕುಟುರ ಎಂದೂ ಕರೆಯುತ್ತಾರೆ.

ಆ ಮಕ್ಕಳು ಆ ಅಂಗಳದಲ್ಲಿ ಆರೇಳು ವರ್ಷ ಆಡಿದವರು. ಅಷ್ಟು ವರ್ಷವೂ ಆ ಸದ್ದು ಅವರ ಕಿವಿಗೆ ಬೀಳುತ್ತಲೇ ಇತ್ತು. ಅದು ಹಕ್ಕಿಯ ಕೂಗು ಎಂದು ತಿಳಿದದ್ದು ಮಾತ್ರ ಅಂದು.

ಮಕ್ಕಳೇ, ಹಕ್ಕಿ ನೋಡಬೇಕಾದರೆ ಕಾಡಿಗೋ ರಂಗನತಿಟ್ಟಿಗೋ ಹೋಗಬೇಕು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಆದರೆ ಮೈಸೂರು, ಬೆಂಗಳೂರಿನಂಥ ಊರುಗಳ ಸಾಲುಮರ, ಉದ್ಯಾನ, ಕೆರೆ, ಶಾಲೆಯ ಅಂಗಳ ಇವೆಲ್ಲ ಹಕ್ಕಿಗಳ ಮನೆಗಳೇ. ಅವುಗಳನ್ನು ನೋಡಲು ವರ್ಷದಲ್ಲೇ ಒಳ್ಳೆಯ ಕಾಲ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಏಕೆ ಎಂದು ತಿಳಿಯೋಣ ಬನ್ನಿ.

ಹಕ್ಕಿಗಳಿಗೆ ಕ್ಯಾಲೆಂಡರ್ ಇದೆಯೇ?

ಪಂಚಾಂಗದ ಪ್ರಕಾರ ವಸಂತ ಋತು ಯುಗಾದಿಯಿಂದ, ಅಂದರೆ ಚೈತ್ರ ಮಾಸದಿಂದ ಆರಂಭ. ಆದರೆ ಹಲವು ಹಕ್ಕಿಗಳು ಯುಗಾದಿಯವರೆಗೆ ಕಾಯುವುದಿಲ್ಲ. ಜನವರಿ, ಫೆಬ್ರುವರಿಯಲ್ಲೇ ಅವುಗಳ ಹಾಡು ಹೆಚ್ಚುತ್ತದೆ. ಕಾಲ ಬದಲಾಗುತ್ತಿದೆ ಎಂದು ಅವಕ್ಕೆ ಹೇಗೆ ತಿಳಿಯುತ್ತದೆ?

ಮುಖ್ಯ ಸುಳಿವು ಹಗಲಿನ ಉದ್ದ. ಮೈಸೂರಿನಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ ಇರುತ್ತದೆ. ಆಮೇಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆಳೆಯುತ್ತ ಜೂನ್ ಕೊನೆಗೆ ಸುಮಾರು 12 ಗಂಟೆ 50 ನಿಮಿಷ ಆಗುತ್ತದೆ. ಈ ಸಣ್ಣ ವ್ಯತ್ಯಾಸ ನಮ್ಮ ಗಮನಕ್ಕೆ ಬರುವುದೇ ಇಲ್ಲ. ಹಕ್ಕಿಯ ಮೆದುಳು ಮಾತ್ರ ಅದನ್ನು ಅಳೆಯುತ್ತದೆ.

ಅಳೆಯುವ ರೀತಿಯೂ ವಿಚಿತ್ರ. ಹಕ್ಕಿಯ ತಲೆಬುರುಡೆ ಬಹಳ ತೆಳು. ಬೆಳಕು ಅದರ ಮೂಲಕ ಸ್ವಲ್ಪ ಒಳಗೆ ಇಳಿಯುತ್ತದೆ. ಮೆದುಳಿನ ಒಳಭಾಗದಲ್ಲಿ ಆ ಬೆಳಕನ್ನು ಗ್ರಹಿಸುವ ಜೀವಕೋಶಗಳಿವೆ. ಹಗಲು ಉದ್ದವಾಗುತ್ತಿದೆ ಎಂದು ಆ ಕೋಶಗಳಿಗೆ ತಿಳಿದೊಡನೆ ರಕ್ತದಲ್ಲಿ ಕೆಲವು ಹಾರ್ಮೋನುಗಳು ಹೆಚ್ಚುತ್ತವೆ. ಆಗ ಗಂಡು ಹಾಡತೊಡಗುತ್ತದೆ, ಜೋಡಿಗಾಗಿ ಹುಡುಕುತ್ತದೆ, ಗೂಡಿನ ಕೆಲಸ ಆರಂಭವಾಗುತ್ತದೆ. ನಮ್ಮಂಥ ಉಷ್ಣವಲಯದ ನಾಡಿನಲ್ಲಿ ಹಗಲಿನ ಜೊತೆಗೆ ಮಳೆ ಮತ್ತು ಆಹಾರವೂ ಸುಳಿವು ಕೊಡುತ್ತವೆ. ಗೀಜಗನ ಹಕ್ಕಿ ಗೂಡು ನೇಯುವುದು ವಸಂತದಲ್ಲಲ್ಲ, ಮಳೆಗಾಲದಲ್ಲಿ. ಹಸಿರು ಹುಲ್ಲಿನ ಎಳೆ, ಮರಿಗಳಿಗೆ ಬೇಕಾದ ಹುಳುಗಳು ಆಗ ಧಾರಾಳವಾಗಿ ಸಿಗುತ್ತವೆ.

ಹಕ್ಕಿಯ ಹಾಡಿಗೆ ಎರಡು ಮುಖ್ಯ ಅರ್ಥಗಳಿವೆ. ಬೇರೆ ಗಂಡುಗಳಿಗೆ "ಇದು ನನ್ನ ಜಾಗ, ದೂರವಿರು" ಎಂಬ ಎಚ್ಚರಿಕೆ. ಹೆಣ್ಣಿಗೆ "ನಾನು ಇಲ್ಲಿದ್ದೇನೆ" ಎಂಬ ಕರೆ. ಕಪ್ಪು ಬಿಳುಪಿನ ಮಡಿವಾಳ ಹಕ್ಕಿಯನ್ನು ನೀವು ನೋಡಿರಬಹುದು. ಉಳಿದ ತಿಂಗಳುಗಳಲ್ಲಿ ಪೊದೆಗಳ ಬುಡದಲ್ಲಿ ಸದ್ದಿಲ್ಲದೆ ಹುಳು ಹೆಕ್ಕುವ ಇದೇ ಹಕ್ಕಿ, ಮಾರ್ಚ್ ಬಂದರೆ ಟಿ.ವಿ. ಆಂಟೆನಾದ ಮೇಲೋ ತೆಂಗಿನ ಗರಿಯ ತುದಿಯಲ್ಲೋ ಕುಳಿತು ಬೆಳಗಿನ ಜಾವದಿಂದಲೇ ಹಾಡುತ್ತದೆ.

ಬೆಳಗಿನ ಹೊತ್ತೇ ಏಕೆ? ಆಗ ಗಾಳಿ ಶಾಂತ, ವಾಹನಗಳ ಸದ್ದು ಕಡಿಮೆ. ಹುಳು ಹುಡುಕಲು ಸಾಕಷ್ಟು ಬೆಳಕಿಲ್ಲ, ಆದರೆ ಹಾಡಲು ಬೆಳಕು ಬೇಡವಲ್ಲ! ಊರಿನ ಗದ್ದಲ ಹಕ್ಕಿಗಳಿಗೆ ನಿಜವಾದ ತೊಂದರೆ. ನೆದರ್‌ಲೆಂಡ್ಸ್ ದೇಶದ ಲೈಡನ್ ನಗರದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗದ್ದಲ ಹೆಚ್ಚಿರುವ ಕಡೆಯ ಚೇಕಡಿ ಹಕ್ಕಿಗಳು ತಮ್ಮ ಹಾಡಿನ ಕೆಳದನಿಯನ್ನು ಬಿಟ್ಟು ಏರುದನಿಯಲ್ಲಿ ಹಾಡುವುದು ಕಂಡುಬಂತು. ವಾಹನಗಳ ಸದ್ದಿನಲ್ಲಿ ಕೆಳದನಿಯೇ ಹೆಚ್ಚು. ಏರುದನಿಯ ಹಾಡು ಅದರಲ್ಲಿ ಮುಳುಗುವುದಿಲ್ಲ.

ಕೋಗಿಲೆ ಎಲ್ಲಿಂದ ಬಂತು?

ವಸಂತ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕೋಗಿಲೆ. ಅದು ವಸಂತಕ್ಕೆ ಎಲ್ಲಿಂದಲೋ ಹಾರಿಬರುತ್ತದೆ ಎಂದು ಹಲವರು ಭಾವಿಸಿದ್ದಾರೆ. ನಮ್ಮ ಕಡೆ ಕೋಗಿಲೆ ವರ್ಷವಿಡೀ ಇಲ್ಲೇ ಇರುತ್ತದೆ. ಚಳಿಗಾಲದಲ್ಲಿ ಹೆಚ್ಚಾಗಿ ಬಾಯಿ ಬಿಡದೆ ಎಲೆಗಳ ಮರೆಯಲ್ಲಿ ಹಣ್ಣು ತಿನ್ನುತ್ತ ಇರುವುದರಿಂದ ನಮಗೆ ಕಾಣುವುದಿಲ್ಲ, ಅಷ್ಟೆ.

'ಕುಹೂ ಕುಹೂ' ಎಂದು ಸ್ವರ ಏರಿಸುತ್ತ ಕೂಗುವುದು ಗಂಡು. ಅದು ಮಿರುಗುವ ಕಪ್ಪು, ಕಣ್ಣು ಕೆಂಪು. ಹೆಣ್ಣಿನ ಬಣ್ಣ ಕಂದು, ಮೈತುಂಬ ಬಿಳಿ ಚುಕ್ಕೆ. ಅದು ಹಾಡುವುದಿಲ್ಲ. 'ಕಿಕ್ ಕಿಕ್ ಕಿಕ್' ಎಂದು ಚೀರುತ್ತದೆ. ಎಷ್ಟೋ ಜನ ಹೆಣ್ಣು ಕೋಗಿಲೆಯನ್ನು ಕಂಡು ಬೇರೆ ಯಾವುದೋ ಹಕ್ಕಿ ಎಂದುಕೊಳ್ಳುತ್ತಾರೆ.

ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ ಎಂದು ನೀವು ಓದಿದ್ದೀರಿ. ಹಾಗಾದರೆ ಅದರ ಕಾಲವೂ ಕಾಗೆಯ ಕಾಲಕ್ಕೆ ಹೊಂದಬೇಕು, ಅಲ್ಲವೇ? ಕೋಗಿಲೆಯ ಕೂಗು ಜೋರಾಗಿರುವ ದಿನಗಳಲ್ಲಿ ಕಾಗೆಗಳತ್ತ ಗಮನವಿಡಿ. ಒಂದಲ್ಲ ಒಂದು ಕಾಗೆ ಕೊಕ್ಕಿನಲ್ಲಿ ಕಡ್ಡಿ ಹಿಡಿದು ಹಾರುವುದು ಕಾಣುತ್ತದೆ. ಊರಿನ ಕಾಗೆಗಳು ಕಡ್ಡಿಯ ಜೊತೆಗೆ ತಂತಿಯ ತುಂಡುಗಳನ್ನೂ ಗೂಡಿಗೆ ಬಳಸುತ್ತವೆ.

ಕೋಗಿಲೆಯ ಮೊಟ್ಟೆ ಕಾಗೆಯ ಮೊಟ್ಟೆಗಿಂತ ಚಿಕ್ಕದು. ಸಾಮಾನ್ಯವಾಗಿ ಎರಡು ಮೂರು ದಿನ ಮೊದಲೇ ಒಡೆಯುತ್ತದೆ. ಮೊದಲು ಹುಟ್ಟಿದ ಮರಿ ಮೊದಲು ಬಾಯಿ ತೆರೆಯುತ್ತದೆ, ಮೊದಲು ಆಹಾರ ಪಡೆಯುತ್ತದೆ. ಕಾಗೆ ಅದನ್ನು ತನ್ನದೆಂದೇ ಸಾಕುತ್ತದೆ. ಹೀಗಾಗಿ ಊರಿನಲ್ಲಿ ಕಾಗೆ ಗೂಡು ಕಟ್ಟಲು ಮರವಿಲ್ಲದಿದ್ದರೆ ಕೋಗಿಲೆಗೂ ನೆಲೆಯಿಲ್ಲ.

ಕೊಕ್ಕು ಮುಚ್ಚಿಕೊಂಡೇ ಕೂಗುವ ಕಂಚುಗಾರ

ಈಗ ನಮ್ಮ 'ಮೋಟಾರು' ಹಕ್ಕಿಗೆ ಬರೋಣ. ಕಂಚುಗಾರರು ಪಾತ್ರೆ ಬಡಿಯುವ ಸದ್ದನ್ನು ಹೋಲುವುದರಿಂದ ಇದಕ್ಕೆ ಆ ಹೆಸರು. ಕೂಗುವಾಗ ಇದರ ಕೊಕ್ಕು ಮುಚ್ಚಿಯೇ ಇರುತ್ತದೆ! ಒಂದೊಂದು 'ಟುಕ್'ಗೂ ಕತ್ತಿನ ಚರ್ಮ ಉಬ್ಬಿ ಇಳಿಯುತ್ತದೆ. ಕೂಗುತ್ತ ತಲೆಯನ್ನು ಆಚೆ ಈಚೆ ತಿರುಗಿಸುವುದರಿಂದ ಸದ್ದು ಒಮ್ಮೆ ಹತ್ತಿರ, ಒಮ್ಮೆ ದೂರ ಕೇಳಿದಂತೆ ಭ್ರಮೆಯಾಗುತ್ತದೆ. ಅಂದು ನಾವು ಹತ್ತು ನಿಮಿಷ ತಪ್ಪು ಕೊಂಬೆಗಳನ್ನು ನೋಡುತ್ತ ನಿಂತದ್ದಕ್ಕೆ ಇದೇ ಕಾರಣ.

ನಮಗೆ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಗಳ ಧ್ವನಿ ಅಂಗ ಇರುವುದು ಶ್ವಾಸನಾಳದ ಕೆಳತುದಿಯಲ್ಲಿ, ಅದು ಎರಡು ಕವಲಾಗುವ ಜಾಗದಲ್ಲಿ. ಅದಕ್ಕೆ ಸಿರಿಂಕ್ಸ್ ಎಂದು ಹೆಸರು. ಸದ್ದು ಅಷ್ಟು ಒಳಗೆ ಹುಟ್ಟುತ್ತದೆ.

ಕಂಚುಗಾರನಿಗೆ ಅಣ್ಣನಂತಿರುವ ಇನ್ನೊಂದು ಹಸಿರು ಹಕ್ಕಿಯೂ ಊರುಗಳಲ್ಲಿ ಉಂಟು. 'ಕುಟ್ರೂ... ಕುಟ್ರೂ...' ಎಂದು ಕೂಗುವ ಇದಕ್ಕೆ ಕುಟ್ರುಹಕ್ಕಿ ಎಂದೇ ಹೆಸರು. ಇದರ ತಲೆ ಕಂದು, ಕೆನ್ನೆ ಬಿಳಿ. ಎರಡೂ ಆಲ, ಅರಳಿ, ಅತ್ತಿ, ಗಸಗಸೆ ಹಣ್ಣುಗಳನ್ನು ಇಷ್ಟಪಟ್ಟು ತಿನ್ನುತ್ತವೆ. ಬೀಜಗಳು ಹಿಕ್ಕೆಯ ಮೂಲಕ ಬೇರೆ ಕಡೆ ಬಿದ್ದು ಮೊಳೆಯುತ್ತವೆ. ಹಳೆಯ ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಹುಟ್ಟಿದ್ದರೆ ಅದನ್ನು ನೆಟ್ಟವರು ಇಂಥ ಹಕ್ಕಿಗಳೇ.

ಈ ಎರಡೂ ಹಕ್ಕಿಗಳು ಕೊಂಬೆಯನ್ನು ಕೊರೆದು ಪೊಟರೆ ಮಾಡಿ ಅದರಲ್ಲಿ ಮೊಟ್ಟೆ ಇಡುತ್ತವೆ. ಅವುಗಳ ಕೊಕ್ಕಿಗೆ ಮರಕುಟಿಗನ ಕೊಕ್ಕಿನಷ್ಟು ಬಲವಿಲ್ಲ. ಆದ್ದರಿಂದ ಒಣಗಿ ಮೆದುವಾದ ಕೊಂಬೆಯೇ ಆಗಬೇಕು. ಕಂಚುಗಾರ ಹೆಚ್ಚಾಗಿ ಕೊಂಬೆಯ ಕೆಳಮಗ್ಗುಲಿನಲ್ಲಿ ಕೊರೆಯುತ್ತದೆ. ಹಾಗೆ ಮಾಡಿದರೆ ಮಳೆನೀರು ಒಳಗೆ ಇಳಿಯುವುದಿಲ್ಲ.

ಹೂಬಿಟ್ಟ ಮರವೇ ಹೋಟೆಲು

ವಸಂತದಲ್ಲಿ ಹಕ್ಕಿ ನೋಡುವುದು ಸುಲಭ ಎನ್ನಲು ಇನ್ನೂ ಎರಡು ಕಾರಣಗಳಿವೆ. ಒಂದು, ಹಲವು ಮರಗಳು ಎಲೆ ಉದುರಿಸಿ ಬೋಳಾಗಿರುತ್ತವೆ. ಅಡಗಲು ಮರೆಯಿಲ್ಲ. ಎರಡು, ಆ ಬೋಳುಮರಗಳಲ್ಲೇ ಕೆಲವು ಹೂ ತುಂಬಿಕೊಳ್ಳುತ್ತವೆ. ಬೂರುಗದ ದೊಡ್ಡ ಕೆಂಪು ಹೂಗಳಲ್ಲಿ ಮಕರಂದ ಹೇರಳ. ಅಂಥ ಮರವೊಂದರ ಕೆಳಗೆ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಗೊರವಂಕ, ಕಾಗೆ, ಕಾಜಾಣ, ಪಿಕಳಾರ, ಗಿಳಿ, ಸೂರಕ್ಕಿ ಹೀಗೆ ಬಗೆಬಗೆಯ ಗಿರಾಕಿಗಳನ್ನು ಕಾಣಬಹುದು. ಮಕರಂದ ಕುಡಿದ ಹಕ್ಕಿಯ ತಲೆಗೆ ಪರಾಗ ಅಂಟಿಕೊಂಡು ಮುಂದಿನ ಹೂವಿಗೆ ಸಾಗುತ್ತದೆ. ಊಟಕ್ಕೆ ಹಕ್ಕಿ ಕೊಡುವ ಹಣ ಅದೇ.

ಇವರಲ್ಲಿ ಅತಿ ಚಿಕ್ಕದು ಸೂರಕ್ಕಿ. ತೂಕ ಹತ್ತು ಗ್ರಾಂ ಸಹ ಇಲ್ಲ. ಬಾಗಿದ ಉದ್ದ ಕೊಕ್ಕನ್ನು ಹೂವಿನೊಳಗೆ ತೂರಿಸಿ ನಾಲಿಗೆಯಿಂದ ಮಕರಂದ ಹೀರುತ್ತದೆ. ಕಪ್ಪು ಸೂರಕ್ಕಿಯ ಗಂಡು ನೆರಳಿನಲ್ಲಿ ಕಪ್ಪಗೆ ಕಾಣುತ್ತದೆ. ಬಿಸಿಲಿಗೆ ಬಂದೊಡನೆ ನೀಲಿ, ನೇರಳೆಯಾಗಿ ಮಿನುಗುತ್ತದೆ. ಗರಿಯಲ್ಲಿ ನೀಲಿ ಬಣ್ಣವೇನೂ ಇಲ್ಲ. ಗರಿಯ ಸೂಕ್ಷ್ಮ ಪದರಗಳ ಮೇಲೆ ಬೆಳಕು ಬಿದ್ದು ಪ್ರತಿಫಲಿಸುವ ರೀತಿಯಿಂದ ಆ ಬಣ್ಣ ಹುಟ್ಟುತ್ತದೆ. ಸೋಪಿನ ಗುಳ್ಳೆಯಲ್ಲಿ ಬಣ್ಣ ಕಾಣುವುದೂ ಹೆಚ್ಚುಕಡಿಮೆ ಹೀಗೆಯೇ. ಮರಿ ಮಾಡುವ ಕಾಲ ಮುಗಿದ ಮೇಲೆ ಈ ಗಂಡು ತನ್ನ ಹೊಳಪಿನ ಗರಿಗಳನ್ನು ಉದುರಿಸಿ ಹೆಣ್ಣಿನಂತೆ ಮಾಸಲು ಹಳದಿಯಾಗುತ್ತದೆ. ಎದೆಯ ನಡುವೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ.

ಸೂರಕ್ಕಿಯ ಗೂಡು ತೂಗಾಡುವ ಪುಟ್ಟ ಚೀಲದಂತಿರುತ್ತದೆ. ತೊಗಟೆಯ ಚೂರು, ಒಣ ಎಲೆ, ನಾರುಗಳನ್ನು ಜೇಡರಬಲೆಯಿಂದ ಅಂಟಿಸಿ ಮಾಡಿದ್ದು. ನೋಡಿದರೆ ಗಾಳಿಗೆ ಸಿಕ್ಕಿಕೊಂಡ ಕಸ ಎನಿಸುತ್ತದೆ. ಮನೆಯ ಮುಂದಿನ ಗಿಡದಲ್ಲಿ, ಜಗುಲಿಯ ತಂತಿಯಲ್ಲೂ ಇದು ಗೂಡು ಕಟ್ಟುವುದುಂಟು. ಕಸವೆಂದು ಕಿತ್ತು ಹಾಕುವ ಮೊದಲು ಒಮ್ಮೆ ಗಮನಿಸಿ.

ಹೊರಟು ನಿಂತ ಅತಿಥಿಗಳು

ವಸಂತದಲ್ಲಿ ಕೆಲವು ಹಕ್ಕಿಗಳು ನಮ್ಮನ್ನು ಬಿಟ್ಟು ಹೊರಡುತ್ತವೆ. ಚಳಿಗಾಲ ಕಳೆಯಲು ಉತ್ತರದಿಂದ ಬಂದ ಅತಿಥಿಗಳು ಇವು. ಎಲೆಗಳ ನಡುವೆ ಚಡಪಡಿಸುತ್ತ ಹುಳು ಹುಡುಕುವ ಹಸಿರು ಉಲಿಯಕ್ಕಿಯ ತೂಕ ಹತ್ತು ಗ್ರಾಂ ಒಳಗೆ. ಅದು ಮರಿ ಮಾಡುವುದು ಹಿಮಾಲಯದಲ್ಲಿ ಮತ್ತು ಅದಕ್ಕೂ ಉತ್ತರದ ನಾಡುಗಳಲ್ಲಿ. ಬಾಲ ಕುಣಿಸುತ್ತ ನೀರಿನ ಬದಿ ಓಡಾಡುವ ಬೂದು ಸಿಪಿಲೆಯೂ ಉತ್ತರಕ್ಕೆ ಮರಳುತ್ತದೆ. ಗುಲಾಬಿ ಮೈ, ಕಪ್ಪು ತಲೆಯ ಗುಲಾಬಿ ಕಬ್ಬಕ್ಕಿಗಳು ಮಧ್ಯ ಏಷ್ಯಾದ ಕಡೆಯವು. ಕೆಲವು ವರ್ಷ ಅವು ದೊಡ್ಡ ಗುಂಪುಗಳಲ್ಲಿ ಬಂದು ಬೂರುಗ, ಮುತ್ತುಗದ ಹೂಗಳಿಗೆ ಮುತ್ತುತ್ತವೆ. ಹೊಟ್ಟೆ ತುಂಬ ಮಕರಂದ ಕುಡಿದು, ಏಪ್ರಿಲ್ ವೇಳೆಗೆ ಹೊರಟುಬಿಡುತ್ತವೆ. ಈ ಅತಿಥಿಗಳನ್ನು ನೀವು ಕೊನೆಯ ಬಾರಿ ನೋಡಿದ ದಿನಾಂಕವನ್ನು ಬರೆದಿಡಿ. ಮತ್ತೆ ಅವು ಬರುವುದು ಮಳೆಗಾಲ ಮುಗಿಯುವ ಹೊತ್ತಿಗೆ.

ಒಣಕೊಂಬೆಯ ಕಥೆ

ಈಗ ನನ್ನದೇ ಒಂದು ತಪ್ಪಿನ ಬಗ್ಗೆ ಹೇಳಬೇಕು. ಹಲವು ವರ್ಷಗಳ ಹಿಂದೆ, ಬೇರೊಂದು ಶಾಲೆಯಲ್ಲಿ, ಮಾರ್ಚ್ ತಿಂಗಳು. ಅಂಗಳದ ಮರದಲ್ಲಿ ಒಂದು ಕೊಂಬೆ ಪೂರ್ತಿ ಒಣಗಿತ್ತು. "ಮಕ್ಕಳು ಓಡಾಡುವ ಜಾಗ, ಮಳೆಗಾಲಕ್ಕೆ ಮೊದಲು ಕಡಿಸಿಬಿಡಿ" ಎಂದು ಮುಖ್ಯ ಶಿಕ್ಷಕರಿಗೆ ಸಲಹೆ ಕೊಟ್ಟವನು ನಾನೇ. ಕೊಂಬೆ ಕೆಳಗೆ ಬಿದ್ದಾಗ ಸೀಳಿಕೊಂಡಿತು. ಒಳಗೆ ಪೊಟರೆ. ಪೊಟರೆಯಲ್ಲಿ ಎರಡು ಮರಿಗಳು. ಗರಿ ಬಂದಿರಲಿಲ್ಲ, ಕಣ್ಣೂ ತೆರೆದಿರಲಿಲ್ಲ. ಮಕ್ಕಳು ಹತ್ತಿಯಲ್ಲಿಟ್ಟು ಬಾಳೆಹಣ್ಣು ತಿನ್ನಿಸಲು ನೋಡಿದರು. ಮರುದಿನ ಬೆಳಿಗ್ಗೆ ಎರಡೂ ಸತ್ತಿದ್ದವು. ತಾಯಿ ತಂದೆ ಹಕ್ಕಿಗಳು ಕೊಂಬೆ ಇದ್ದ ಖಾಲಿ ಜಾಗದ ಹತ್ತಿರ ಎರಡು ದಿನ ಸುತ್ತಾಡಿದವು. ಎಂ.ಎಸ್ಸಿ. ಓದಿದ ನಾನು ಒಮ್ಮೆ ತಲೆಯೆತ್ತಿ ನೋಡಿದ್ದರೆ ಸಾಕಿತ್ತು.

ಆದ್ದರಿಂದ 2024ರಲ್ಲಿ ಮಳೆಮರದ ಒಣಕೊಂಬೆಯಲ್ಲಿ ಕಂಚುಗಾರನನ್ನು ಕಂಡಾಗ ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಟ್ಟೆ. ಅವರು ಬರೆದದ್ದರಲ್ಲಿ ಕೆಲವು ಸಾಲುಗಳು ಇವು:

ಫೆಬ್ರುವರಿ 1: ಕೊಂಬೆಯ ಕೆಳಗೆ ನೆಲದ ಮೇಲೆ ಮರದ ಪುಡಿ ಬಿದ್ದಿದೆ. ಎರಡು ಹಕ್ಕಿ ಸರದಿಯ ಮೇಲೆ ಕುಟ್ಟುತ್ತಿವೆ.
ಫೆಬ್ರುವರಿ 20: ಪುಡಿ ಬೀಳುವುದು ನಿಂತಿದೆ. ಒಂದು ಹಕ್ಕಿ ಒಳಗೆ ಹೋದರೆ ಇನ್ನೊಂದು ಬರುವ ತನಕ ಹೊರಗೆ ಬರುವುದಿಲ್ಲ.
ಮಾರ್ಚ್ 7: ಕೊಕ್ಕಿನಲ್ಲಿ ಹಣ್ಣು ಹಿಡಿದು ಒಳಗೆ ಹೋಯಿತು. ಅರ್ಧ ಗಂಟೆಯಲ್ಲಿ ಆರು ಸಲ.

ಮೂರು ಸಾಲುಗಳಲ್ಲಿ ಎಷ್ಟು ವಿಷಯವಿದೆ ನೋಡಿ. ಮೊದಲನೆಯದು ಪೊಟರೆ ಕೊರೆಯುವ ಕಾಲ. ಎರಡನೆಯದು ಕಾವು ಕೊಡುವ ಕಾಲ. ಮೂರನೆಯದು ಮರಿ ಹುಟ್ಟಿದ ಕಾಲ. ಮಕ್ಕಳು ಮರ ಹತ್ತಲಿಲ್ಲ, ಪೊಟರೆಗೆ ಇಣುಕಲಿಲ್ಲ. ಕೆಳಗೆ ನಿಂತು ನೋಡಿಯೇ ಇಷ್ಟನ್ನು ತಿಳಿದರು.

ಅಷ್ಟರಲ್ಲಿ ತೊಡಕೊಂದು ಬಂತು. ಆ ಕೊಂಬೆ ನಲ್ಲಿಗೆ ಹೋಗುವ ದಾರಿಯ ಮೇಲೆಯೇ ಚಾಚಿತ್ತು. ಗಾಳಿಗೆ ಮುರಿದು ಮಗುವಿನ ಮೇಲೆ ಬಿದ್ದರೆ? ಮುಖ್ಯ ಶಿಕ್ಷಕಿಯವರ ಚಿಂತೆ ಸರಿಯಾಗಿಯೇ ಇತ್ತು. ಹಕ್ಕಿಯ ಮರಿ ಮುಖ್ಯ, ನಿಮ್ಮ ತಲೆಯೂ ಮುಖ್ಯ! ಮಕ್ಕಳು ನೋಟುಪುಸ್ತಕ ಹಿಡಿದು ಎಸ್‌ಡಿಎಂಸಿ ಸಭೆಗೆ ಹೋದರು. ದಿನಾಂಕಗಳನ್ನು ಓದಿ ಹೇಳಿ, "ಇನ್ನು ಸುಮಾರು ಐದು ವಾರ ಸಾಕು" ಎಂದರು. ಹುಟ್ಟಿದ ಕಂಚುಗಾರನ ಮರಿಗೆ ಹಾರಲು ಸುಮಾರು ಅಷ್ಟು ಕಾಲ ಬೇಕು ಎಂದು ನಾವು ಪುಸ್ತಕದಲ್ಲಿ ಓದಿದ್ದೆವು. ಸಭೆ ಒಪ್ಪಿತು. ಕೊಂಬೆಯ ಕೆಳಗಿನ ಜಾಗಕ್ಕೆ ಸುತ್ತ ಹಗ್ಗ ಕಟ್ಟಿ, ನಲ್ಲಿಗೆ ಗೋಡೆಯ ಬದಿಯಿಂದ ದಾರಿ ಮಾಡಿದರು.

ಏಪ್ರಿಲ್ ಮೊದಲ ವಾರ ಪೊಟರೆಯ ಬಾಯಲ್ಲಿ ಪುಟ್ಟ ತಲೆಯೊಂದು ಕಂಡಿತು. ಹಣೆಯ ಮೇಲೆ ಕೆಂಪು ಇನ್ನೂ ಬಂದಿರಲಿಲ್ಲ. ಯುಗಾದಿಯ ಮರುದಿನ, ಏಪ್ರಿಲ್ 10, ಶಾಲೆಯ ಕೊನೆಯ ದಿನ. ಬೆಳಿಗ್ಗೆ ನೋಡಿದರೆ ಒಂದು ಮರಿ ಪಕ್ಕದ ಹೊಂಗೆ ಮರದಲ್ಲಿ ಕುಳಿತಿತ್ತು. ತಾಯಿಯೋ ತಂದೆಯೋ ಅದಕ್ಕೆ ಹಣ್ಣು ಕೊಡುತ್ತಿತ್ತು. ಗಂಡು ಹೆಣ್ಣು ಒಂದೇ ರೀತಿ ಇರುವುದರಿಂದ ಯಾವುದೆಂದು ಹೇಳಲಾಗದು.

ರಜೆಯಲ್ಲಿ ಕೊಂಬೆಯ ಉದ್ದ ತುದಿಯನ್ನು ಕಡಿಸಿ, ಪೊಟರೆ ಇರುವ ಗಟ್ಟಿ ಬುಡವನ್ನು ಮಾತ್ರ ಉಳಿಸಿದರು. ಜೂನ್‌ನಲ್ಲಿ ಶಾಲೆ ತೆರೆದಾಗ ಸಂಜೆ ಹೊತ್ತು ಒಂದು ಕಂಚುಗಾರ ಬಂದು ಅದೇ ಪೊಟರೆಯಲ್ಲಿ ಮಲಗುತ್ತಿತ್ತು.

ಒಂದು ಪೊಟರೆಗೆ ಇಷ್ಟು ಮಹತ್ವ ಏಕೆ? ಪೊಟರೆ ಕೊರೆಯಬಲ್ಲ ಹಕ್ಕಿಗಳು ಕೆಲವೇ. ಮರಕುಟಿಗ ಮತ್ತು ಕುಟ್ರುಗಳ ಬಳಗಕ್ಕೆ ಮಾತ್ರ ಆ ವಿದ್ಯೆ ಚೆನ್ನಾಗಿ ಗೊತ್ತು. ಗಿಳಿ, ಗೊರವಂಕ, ಮಡಿವಾಳ, ಚೇಕಡಿ, ಹಾಲಕ್ಕಿ ಇವೆಲ್ಲ ಹೆಚ್ಚಾಗಿ ಬೇರೆಯವರು ಕೊರೆದು ಬಿಟ್ಟ ಅಥವಾ ತಾನಾಗಿ ಆದ ಪೊಟರೆಗಳನ್ನೇ ನಂಬಿವೆ. ಊರಿನ ಮರಗಳಲ್ಲಿ ಒಣಕೊಂಬೆ ಒಂದೂ ಉಳಿಯದಿದ್ದರೆ ಇವೆಲ್ಲಕ್ಕೂ ಮನೆ ಇಲ್ಲ. ಮರ ಹಸಿರಾಗಿದ್ದರೂ ಹಾಡು ಕಡಿಮೆಯಾಗುತ್ತದೆ.

ನೀವೂ ನೋಡಿ

ಹಕ್ಕಿ ನೋಡಲು ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಬೇಕಾದದ್ದು ಒಂದು ನೋಟುಪುಸ್ತಕ, ಪೆನ್ಸಿಲ್ ಮತ್ತು ತಾಳ್ಮೆ.

1. ಮನೆ ಅಥವಾ ಶಾಲೆಯ ಹತ್ತಿರ ಒಂದು ಮರ ಆರಿಸಿಕೊಳ್ಳಿ. ಬೆಳಿಗ್ಗೆ ಆರೂವರೆಯಿಂದ ಎಂಟರ ಒಳಗೆ ಹದಿನೈದು ನಿಮಿಷ ಅದರ ಹತ್ತಿರ ಸದ್ದಿಲ್ಲದೆ ನಿಲ್ಲಿ. ಮೊದಲ ಐದು ನಿಮಿಷ ಕಣ್ಣು ಮುಚ್ಚಿ ಕೇಳಿ. ಎಷ್ಟು ಬಗೆಯ ಕೂಗು ಇವೆ, ಎಣಿಸಿ.

2. ಹೊಸ ಹಕ್ಕಿ ಕಂಡರೆ ಹೆಸರಿಗಾಗಿ ಅವಸರ ಬೇಡ. ಗಾತ್ರ ಬರೆಯಿರಿ: ಗುಬ್ಬಚ್ಚಿಯಷ್ಟೇ, ಗೊರವಂಕದಷ್ಟೇ, ಕಾಗೆಯಷ್ಟೇ? ಕೊಕ್ಕು ಮೋಟೋ, ಉದ್ದವೋ, ಬಾಗಿದೆಯೋ? ಬಾಲ ಹೇಗಿದೆ? ಏನು ಮಾಡುತ್ತಿತ್ತು? ಒಂದು ಚಿತ್ರ ಗೀಚಿ. ಆಮೇಲೆ ಶಾಲೆಯ ಗ್ರಂಥಾಲಯದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕ ಇದ್ದರೆ ಹೋಲಿಸಿ ನೋಡಿ.

3. ಕಂಚುಗಾರ ಕೂಗುವುದು ಕೇಳಿದರೆ ಗಡಿಯಾರ ಹಿಡಿದು ಒಂದು ನಿಮಿಷದಲ್ಲಿ ಎಷ್ಟು 'ಟುಕ್' ಎಂದು ಎಣಿಸಿ. ನೂರಕ್ಕೂ ಹೆಚ್ಚು ಬರಬಹುದು. ಬೆಳಿಗ್ಗೆ ಮತ್ತು ಮಧ್ಯಾಹ್ನದ ಎಣಿಕೆಯಲ್ಲಿ ವ್ಯತ್ಯಾಸವಿದೆಯೇ?

4. ವರ್ಷದಲ್ಲಿ ಕೋಗಿಲೆಯ 'ಕುಹೂ' ಮೊದಲು ಕೇಳಿದ ದಿನ, ಕಾಗೆ ಕಡ್ಡಿ ಒಯ್ದ ಮೊದಲ ದಿನ, ಬೂರುಗ ಮತ್ತು ಹೊಂಗೆ ಹೂಬಿಟ್ಟ ದಿನ ಇವನ್ನು ಗುರುತಿಸಿ. ಮುಂದಿನ ವರ್ಷವೂ ಹಾಗೆಯೇ ಮಾಡಿ.

ನಿಮ್ಮ ಎಣಿಕೆ ದೊಡ್ಡವರ ವಿಜ್ಞಾನಕ್ಕೂ ನೆರವಾಗಬಲ್ಲದು. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ಎಂಬ ಹಕ್ಕಿ ಎಣಿಕೆಯಲ್ಲಿ 2013ರಿಂದ ಭಾರತೀಯರೂ ಪಾಲ್ಗೊಳ್ಳುತ್ತಿದ್ದಾರೆ. ಫೆಬ್ರುವರಿಯಲ್ಲಿ ನಾಲ್ಕು ದಿನ, ಒಂದು ಜಾಗದಲ್ಲಿ ಕನಿಷ್ಠ ಹದಿನೈದು ನಿಮಿಷ ಹಕ್ಕಿಗಳನ್ನು ಎಣಿಸಿ ಪಟ್ಟಿ ಕಳುಹಿಸುವುದು ಇದರ ಕ್ರಮ. ನಿಮ್ಮ ಶಿಕ್ಷಕರ ನೆರವಿನಿಂದ ಶಾಲೆಯ ಪಟ್ಟಿಯನ್ನೂ ಸೇರಿಸಬಹುದು.

ನಿಮಗೆ ಗೊತ್ತೇ?

ಭಾರತದ ಹೆಸರಾಂತ ಪಕ್ಷಿ ವಿಜ್ಞಾನಿ ಸಲೀಂ ಅಲಿ (1896–1987) ಹಕ್ಕಿಗಳ ಹಿಂದೆ ಬಿದ್ದದ್ದು ಬಾಲ್ಯದಲ್ಲಿ. ಕತ್ತಿನಲ್ಲಿ ಹಳದಿ ಗುರುತಿದ್ದ ಒಂದು ಗುಬ್ಬಚ್ಚಿ ಯಾವುದೆಂದು ತಿಳಿಯುವ ಕುತೂಹಲ ಅವರನ್ನು ಮುಂಬಯಿಯ ಪ್ರಕೃತಿ ಇತಿಹಾಸ ಸಂಘಕ್ಕೆ ಕರೆದೊಯ್ದಿತು. ಅವರು 1939–40ರಲ್ಲಿ ಅಂದಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ನಡೆಸಿದರು.

ಇವನ್ನು ನೆನಪಿಡಿ

• ಗೂಡಿನ ಹತ್ತಿರ ಹೋಗಬೇಡಿ, ಮೊಟ್ಟೆ ಮರಿ ಮುಟ್ಟಬೇಡಿ. ನೀವು ಗೂಡಿನ ಬಳಿ ಹೆಚ್ಚು ಹೊತ್ತು ನಿಂತರೆ ತಾಯಿ ಒಳಗೆ ಹೋಗಲು ಹೆದರುತ್ತದೆ. ಕಾಗೆಗೂ ಗೂಡಿನ ಸುಳಿವು ಸಿಗುತ್ತದೆ.

• ಗರಿ ಬಂದ, ಮೋಟು ಬಾಲದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಅನಾಥವಲ್ಲ, ಹಾರಲು ಕಲಿಯುತ್ತಿದೆ. ಬೆಕ್ಕು ನಾಯಿ ಬರದಂತೆ ನೋಡಿಕೊಂಡು ದೂರ ಸರಿಯಿರಿ. ಗರಿಯಿಲ್ಲದ ಮರಿ ಬಿದ್ದಿದ್ದರೆ ದೊಡ್ಡವರಿಗೆ ಹೇಳಿ, ಗೂಡು ಕೈಗೆ ಎಟಕುವಂತಿದ್ದರೆ ಅದರಲ್ಲೇ ಇಡಿಸಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ.

• ಗಿಳಿಮರಿಯನ್ನು ಹಿಡಿದು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

• ಬೇಸಿಗೆಯಲ್ಲಿ ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಸೊಳ್ಳೆ ಆಗದಂತೆ ದಿನವೂ ಬದಲಿಸಿ.

• ಕೊಂಬೆ ಕಡಿಯಲು ಯಾರಾದರೂ ಬಂದರೆ ಮೊದಲು ಮೇಲೆ ನೋಡಿ, ಅವರಿಗೂ ತೋರಿಸಿ. ಕೊಂಬೆಯಿಂದ ಅಪಾಯವಿದ್ದರೆ ಏನು ಮಾಡಬಹುದು ಎಂದು ಹಿರಿಯರ ಜೊತೆ ಕುಳಿತು ಯೋಚಿಸಿ.

ನಾಳೆ ಬೆಳಿಗ್ಗೆ ಶಾಲೆಗೆ ಹತ್ತು ನಿಮಿಷ ಮೊದಲೇ ಬನ್ನಿ. ಅಂಗಳದ ಮರದ ಕೆಳಗೆ ನಿಂತು ನೆಲ ನೋಡಿ, ಮರದ ಪುಡಿ ಬಿದ್ದಿದೆಯೇ? ಬಿದ್ದಿದ್ದರೆ ನಿಧಾನವಾಗಿ ತಲೆಯೆತ್ತಿ. ಮೇಲೆ ಯಾರೋ ಮನೆ ಕಟ್ಟುತ್ತಿರಬಹುದು.